ಕೊಸರು

ಟೇಪಿನ ಆ ತುದಿ ಬಾಬಾಜಾನ್ ಹಿಡಿದಿದ್ದಾನೆ,
ಈ ತುದಿ ನಾನು.
ಕೊಂಡ್ರಪಲ್ಲಿ ಸಂತೆ ಚಾವಡಿ. ಉದ್ದ ತೊಂಬತ್ತಾರು ಅಡಿ,
ಅಗಲ ಮೂವತ್ತೆರಡು. ನಡುವೆ ಮಲಗಿದ್ದ ನಾಯಿ
ಸರ್ಕಾರಿ ಅಳತೆಗೆ ಜಾಗ ಬಿಡಲಿಲ್ಲ;
ಅದರ ಮೇಲೆಯೇ ಟೇಪು ಹಾಯಿಸಿದೆವು.

ಕೆಡವುವ ಮುನ್ನ ಮರದ ಲೆಕ್ಕ ಬರೆಯಬೇಕು.
ಕಂಬ, ತೊಲೆ, ಜಂತೆ, ರೀಪು.
ರೀಪು ಬಿಟ್ಟರೆ ಎಲ್ಲಿಯೂ ಮೊಳೆಯಿಲ್ಲ.
ಮರಕ್ಕೆ ಮರ ಬಾಯಿಟ್ಟು ಕಚ್ಚಿಕೊಂಡಿದೆ,
ನೂರಾ ಮೂವತ್ತು ವರ್ಷ,
ಒಂದು ಮಾತಾಡಿದರೂ ಬಿದ್ದೇನೆಂಬಂತೆ.

ಏಣಿ ಹತ್ತಿ ಧೂಳು ಒರೆಸಿದರೆ ಉಳಿಯ ಗುರುತು:
ಕಂಬಕ್ಕೊಂದು ಅಂಕಿ, ಅದರ ತೊಲೆಗೂ ಅದೇ ಅಂಕಿ,
ತೆಲುಗೋ ಕನ್ನಡವೋ ಕೆತ್ತಿದವನಿಗೇ ಗೊತ್ತು.
ವಡ್ಲ ಮೌನಾಚಾರಿ. ನೋಡಿದವರು ಯಾರೂ ಉಳಿದಿಲ್ಲ,
ಆದರೂ ಅವನ ಎಡಗೈಗೆ ನಾಲ್ಕೇ ಬೆರಳೆಂದು
ಊರಿಗೆ ಊರೇ ಆಣೆಯಿಟ್ಟು ಹೇಳುತ್ತದೆ.

ಇಪ್ಪತ್ತಮೂರು ಹೊನ್ನೆ, ಗಡಿಯಾಚೆ ಬೆಟ್ಟದಿಂದ
ಗಾಡಿಯೇರಿ ಬಂದವಂತೆ.
ಇಪ್ಪತ್ತನಾಲ್ಕನೆಯದು ಪಾಪಾಗ್ನಿ ಮರಳಲ್ಲಿ ಅಚ್ಚು ಮುರಿದು
ಅಲ್ಲೇ ಉಳಿಯಿತು. ಸೋಮವಾರ ಅಮಲ್ದಾರರ ಸವಾರಿ.
ಮೌನಾಚಾರಿ ಯಾರನ್ನೂ ಕೇಳಲಿಲ್ಲ,
ಬಯಲ ಹುಣಸೆಗೇ ಕೊಡಲಿ ಹಾಕಿದ.
ಚಾವಡಿ ಬರುವ ಮುಂಚೆ ಸಂತೆ ಕೂಡುತ್ತಿದ್ದದ್ದು
ಅದರ ನೆರಳಲ್ಲಿ.
ಆ ನೆರಳೇ ಹನ್ನೊಂದನೇ ಕಂಬವಾಯಿತು.

ಮರ ಸತ್ತರೆ ಅದರೊಳಗಿನವಳೂ ಸಾಯುತ್ತಾಳೆಯೇ?
ಜವಳಿಯವರು ಆ ಪಕ್ಕ ಗಂಟು ಬಿಚ್ಚಲಿಲ್ಲ,
ರಾಗಿ ರಾಶಿ ಒಂದು ಮಾರು ದೂರ ಸರಿಯಿತು,
ಕಿಕ್ಕಿರಿದ ಸಂತೆಯಲ್ಲಿ ಹನ್ನೊಂದರ ಸುತ್ತ
ಗುಂಡಗೆ ಖಾಲಿ ನೆಲ.

ಸೂರಿನ ನೀರು ಬೀಳುವ ಗೆರೆಯಿದೆಯಲ್ಲ,
ಅದರಾಚೆ ಕೂತವರೂ ಇದ್ದರು.
ಪೊರಕೆ ಬೇಕು, ಮೊರ ಬೇಕು, ಅವರು ಮಾತ್ರ ಬೇಡ;
ಕಾಸನ್ನು ಮೇಲಿಂದ ಎಸೆಯುತ್ತಿದ್ದರು.
ಒಂದು ಸಂತೆ ದಿನ ಆಲಿಕಲ್ಲು ಸುರಿಯಿತು.
ಪಿಳ್ಳಮ್ಮನ ಮುತ್ತಜ್ಜಿ ಮೊರವನ್ನೇ ತಲೆಗೆ ಹಿಡಿದು
ಗೆರೆ ದಾಟಿ, ನೇರ ಹನ್ನೊಂದಕ್ಕೆ ಬಂದು
ಬೆನ್ನು ಕೊಟ್ಟು ಕೂತಳು.
ಬೈದರು, ಕೂಗಿದರು, ದೂರದಿಂದ.
ಎಬ್ಬಿಸಬೇಕೆಂದರೆ ಹತ್ತಿರ ಹೋಗಬೇಕಲ್ಲ!
ಮಳೆ ನಿಂತಿತು. ಅವಳು ಏಳಲಿಲ್ಲ.

ಆಮೇಲೆ ಪ್ಲೇಗು; ಊರು ಹೊಲಕ್ಕೆ ಹೋದಾಗ
ಚಾವಡಿಯಲ್ಲಿ ಗಾಳಿ ಮಾತ್ರ ವ್ಯಾಪಾರ ಮಾಡಿತು.
ಯುದ್ಧದ ಕಾಲಕ್ಕೆ ಪಾವು ಜೋಳಕ್ಕೂ ಚೀಟಿ.
ಕಿಲೋ ಬಂದ ವರ್ಷ, ಮೂರನೇ ಕಂಬಕ್ಕೆ ಬಿಗಿದಿದ್ದ
ಕಬ್ಬಿಣದ ಸೇರನ್ನು ಯಾರೋ ಬಿಚ್ಚಿ ಒಯ್ದರು;
ಸರಪಳಿ ಇನ್ನೂ ತೂಗುತ್ತಿದೆ, ಏನನ್ನೂ ಹಿಡಿಯದೆ.

ಹೊನ್ನೆಗೆ ಘನ ಅಡಿಗಿಷ್ಟು ಎಂದು ದರವಿದೆ.
ಹುಣಸೆ ನನ್ನ ಪಟ್ಟಿಯಲ್ಲಿಲ್ಲ.
ಸೌದೆ ಎಂದು ಬರೆಯಬೇಕು, ಕ್ವಿಂಟಾಲಿನ ಲೆಕ್ಕ.
ಸೊಂಟದಿಂದ ಭುಜದವರೆಗೆ ಅದು
ಎಣ್ಣೆ ಹಚ್ಚಿದಂತೆ ಮಿರುಗುತ್ತಿದೆ:
ನಾಲ್ಕು ತಲೆಮಾರು ಒರಗಿದ ಹೊಳಪು.
ಅದಕ್ಕೆ ಯಾವ ಕಾಲಮ್ಮು?

ಅದಕ್ಕೊರಗಿಯೇ ಪಿಳ್ಳಮ್ಮ ಸೊಪ್ಪಿಗೆ ನೀರು ಚಿಮುಕಿಸುತ್ತಾಳೆ.
"ಹೊಸ ಕಟ್ಟಡದಾಗೆ ಒರಗಾಕೆ ಏನೈತಮ್ಮ?"
ನಕ್ಷೆಯಲ್ಲಿ ಹುಡುಕಿದೆ. ಶಟರುಗಳಿದ್ದವು.
ಎರಡು ಕಟ್ಟು ದಂಟು ಕೊಂಡೆ.
ಮೇಲೊಂದು ಹಿಡಿ ಕೊತ್ತಂಬರಿ ತುರುಕಿದಳು:
"ಲೆಕ್ಕಕ್ಕಲ್ಲ, ಕೊಸರು."

ಪುಸ್ತಕ ತೆರೆದು ಬರೆದೆ: ಕಂಬ, ಇಪ್ಪತ್ತಮೂರು.
"ಮೇಡಂ, ಒಂದು ಬಿಟ್ಟುಹೋಯ್ತು."
ಮತ್ತೆ ಎಣಿಸು ಅಂದೆ.
ಬಾಬಾಜಾನ್ ಕಂಬ ಮುಟ್ಟಿ ಮುಟ್ಟಿ ನಡೆದ,
ಪಿಳ್ಳಮ್ಮನ ಹತ್ತಿರ ನಿಂತ, ತಲೆ ಕೆರೆದುಕೊಂಡ,
ಸುತ್ತಿ ಬಂದ.
"ಇಪ್ಪತ್ತಮೂರೇ."

ಜೆಸಿಬಿಗೆ ಓದು ಬಾರದು, ಗೊತ್ತು.
ಪುಟ ಮಗುಚುವಾಗ ಬೆರಳಿಗೆಲ್ಲ ಕೊತ್ತಂಬರಿ ವಾಸನೆ.