ನೂರು ಫಿಲ್ಸಿನ ಹಾಯಿದೋಣಿ

ಫಹಾಹೀಲಿನ ಹಿಂದಿನ ಗಲ್ಲಿ, ಇರಾನಿ ಬೇಕರಿಯ ಪಕ್ಕ,
ಒಂದೇ ಬಾಗಿಲಿನ ಇಸ್ತ್ರಿ ಅಂಗಡಿ.
ದೂಮಪ್ಪ ಅಲ್ಲಿ ಇಪ್ಪತ್ತಾರು ವರ್ಷ
ಬಿಳಿ ದಿಶ್‌ದಾಶಾಗಳ ಸುಕ್ಕು ಮಾಯ ಮಾಡಿದ.
ಅದಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಜೇಬಿನಲ್ಲಿ ಸಿಕ್ಕಿದ್ದೆಲ್ಲ, ಚಿಲ್ಲರೆ, ಮದ್ದಿನ ಚೀಟಿ,
ಒಮ್ಮೆ ಯಾವುದೋ ಮಗುವಿನ ಹಾಲುಹಲ್ಲು,
ಹೆಸರು ಬರೆದು ಡಬ್ಬಿಯಲ್ಲಿಟ್ಟು
ವಾಪಸು ಕೊಡುತ್ತಿದ್ದ.
ಗುರುವಾರ ರಾತ್ರಿ ಮಾತ್ರ
ನಮ್ಮ ಎಂಟು ಮಂಚಗಳ ನಡುವೆ
ಅವನೇ ಕಳ್ಳ.

ನೂರು ಫಿಲ್ಸಿನ ನಾಣ್ಯ, ಅದರ ಮೇಲೊಂದು ಹಾಯಿದೋಣಿ.
"ದೋಣಿ ಹೊರಟಿತು, ನೋಡಿ" ಅನ್ನುವನು.
ಎಡಗೈಗೆ ಹೋದದ್ದನ್ನು ಕಣ್ಣಾರೆ ಕಂಡೆವು;
ಅದು ಹೋಗಿಯೇ ಇರಲಿಲ್ಲ.
ಮುಷ್ಟಿ ಬಿಚ್ಚಿದರೆ ಬರೀ ಗಂಜಿಯ ವಾಸನೆ.
ಆಮೇಲೆ ದೋಣಿ ದಡ ಸೇರುವುದು
ಅಡುಗೆಯ ಹಸೈನಾರನ ಗಡ್ಡದಲ್ಲೋ,
ಊರಿಗೆ ಕಳಿಸಲು ಕಟ್ಟಿಟ್ಟ ಖರ್ಜೂರದ ಪೊಟ್ಟಣದಲ್ಲೋ.

ಕಲಿಸು ಅಂದೆ.
"ನನ್ನನ್ನೇನು ಕೇಳುವುದು ಮಾರಾಯ, ಇಸ್ತ್ರಿಪೆಟ್ಟಿಗೆಯನ್ನು ಕೇಳು."
ಬಂದ ವರ್ಷವೇ ಸುಟ್ಟ ಕಿರುಬೆರಳು,
ಕೊಕ್ಕೆಯಾಗಿ ಸೆಟೆದದ್ದು, ಮತ್ತೆ ನೆಟ್ಟಗಾಗಲಿಲ್ಲ.
ಅದರ ಬುಡದ ಗುಳಿಯಲ್ಲಿ ನಾಣ್ಯ
ಬಾಡಿಗೆ ಕೊಡದೆ ಕೂರುತ್ತಿತ್ತು.

ತಪ್ಪಿದ್ದೂ ಉಂಟು.
ಸಂಘದ ವಾರ್ಷಿಕೋತ್ಸವ, ಎರವಲು ಕೋಟು, ಮೈಕು.
ನಾಣ್ಯ ಟಣ್ಣೆಂದು ಜಾರಿ
ಮೊದಲ ಸಾಲಿನ ದೊಡ್ಡವರ ಬೂಟಿನವರೆಗೂ ಉರುಳಿತು.
"ಹವ್ಯಾಸಿ ಸ್ವಾಮಿ, ಹೊಟ್ಟೆಗೆ ಬೇರೆ ಕೆಲಸ ಇದೆ" ಅಂದ.
ಜನ ಬಿದ್ದು ಬಿದ್ದು ನಕ್ಕರು.
ಆ ರಾತ್ರಿ ದೀಪ ಆರಿದ ಮೇಲೆ
ಮೇಲಿನ ಮಂಚದಿಂದ ಟಣ್,
ಸ್ವಲ್ಪ ಹೊತ್ತು ಬಿಟ್ಟು ಟಣ್,
ಬೆಳಗಿನ ಬಾಂಗಿನ ಹೊತ್ತಿಗೆ ಸದ್ದಿಲ್ಲ.

ಹೋದ ಈದ್ ಕಳೆದ ವಾರ
ಮೇಜಿಗೆ ಒರಗಿದವನು ಏಳಲಿಲ್ಲ.
ಅವನ ಕೈಯಲ್ಲಿ ಸುಟ್ಟದ್ದು
ಇಪ್ಪತ್ತಾರು ವರ್ಷಕ್ಕೆ ಅದೊಂದೇ ಅಂಗಿ.
ಕಾರ್ಗೋಗೆ ಪೆಟ್ಟಿಗೆ ಕೊಡುವಾಗ
ಹಸೈನಾರ ಬೆರಳಿನಿಂದ ತಟ್ಟಿ ನೋಡಿದ,
ಎರಡು ತಳ ಇದೆಯೋ ಎಂಬಂತೆ.
ನಾವು ಯಾರೂ ಏನೂ ಅನ್ನಲಿಲ್ಲ.

ಡಬ್ಬಿ ನನ್ನ ಹತ್ತಿರ ಇದೆ.
ಹಲ್ಲಿನ ಮಗುವಿಗೆ ಈಗ ಮೀಸೆ ಬಂದಿರಬೇಕು.

ನಿನ್ನೆ ರೊಟ್ಟಿಗೆ ಹೋಗಿದ್ದೆ.
ಬೇಕರಿಯವನ ಮಗ ಬೆಹರೂಜ್, ಹನ್ನೊಂದರ ಹುಡುಗ,
ನನ್ನ ನಾಣ್ಯ ತೆಗೆದುಕೊಂಡ, ಊದಿದ,
ಹಿಟ್ಟು ಮೆತ್ತಿದ ಕೈ ಬಿಚ್ಚಿದ. ಇಲ್ಲ.
ಕಲಿಸಿದವನಾರು ಎಂದು ಕೇಳಬೇಕಾಗಲಿಲ್ಲ.
ಏನೂ ಆಗದ ಆ ಎಳೆಯ ಕಿರುಬೆರಳನ್ನು
ಸುಟ್ಟವರ ಹಾಗೆ ಮಡಚಿ ಹಿಡಿದಿದ್ದ.

ಐವತ್ತು ಫಿಲ್ಸು ಚಿಲ್ಲರೆ ಬರಬೇಕಿತ್ತು.
ಕೇಳಲಿಲ್ಲ. ರೊಟ್ಟಿ ಬಿಸಿಯಿತ್ತು.