ಗೋಡಿ ಆಚೆ ಕೋಕೋ

ಮೊದಲ ಪುಡಿ. ಎರಡು ಚಮಚ, ತಲಿ ಸವರಿ.
ಅದರ ಮ್ಯಾಲೆ ತಣ್ಣನ ಹಾಲು, ನಾಕು ಹನಿ, ಸಾಕು.
ಬಟ್ಟಲ ಬದಿಗೆ ಒತ್ತಿ ಒತ್ತಿ ತಿಕ್ಕಬೇಕು
ಕಾಡಿಗಿ ಅರದಂಗ,
ಗಂಟು ಉಳೀಬಾರದು.
ಇದನ್ನ ನನಗ ಕಲಿಸಿದಾಕಿ ಶೇವಂತಕ್ಕ,
ನನ್ನ ನೆಗೆಣ್ಣಿ.
ಈಗ ಗೋಡಿ ಆಚೆ ಇರತಾಳ.

ಕ್ಯಾಂಪಿನ್ಯಾಗ ಒಬ್ಬ ಮೇಜರ್ ಸಾಹೇಬರ ಮನ್ಯಾಗ
ಆರು ವರ್ಷ ಅಡಗಿ ಮಾಡಿದಾಕಿ ಆಕಿ.
ಅವರು ವರ್ಗ ಆಗಿ ಹೋಗೂ ಮುಂದ
ಕುರ್ಚಿ ಕೊಡತೇವಿ ಅಂದ್ರಂತ, ಫ್ಯಾನ್ ಕೊಡತೇವಿ ಅಂದ್ರಂತ,
ಈಕಿ ಅರ್ಧ ಖಾಲಿಯಾದ ಕೋಕೋ ಡಬ್ಬಿ ಕೇಳಿ ತಂದ್ಲು.
"ಕುರ್ಚಿ ಬಿಟ್ಟು ಮಸಿ ತಂದಾಳ ನೋಡ್ರಿ" ಅಂತ ಮಾವ ನಕ್ಕ.
ಆ ಡಿಸೆಂಬರದಾಗ ಮಾವನ ಎರಡು ವಾಟಗಾ ಕುಡದ.

ವಡಗಾವಿ ಥಂಡಿ ಅಂದ್ರ ಹಂಗಿಂಗಲ್ಲ.
ರಾತ್ರಿ ಹತ್ತಕ್ಕ ಮಗ್ಗ ನಿಂತ ಮ್ಯಾಲೆ
ಓಣಿಗೆ ಒಮ್ಮೆಲೆ ಕಿವಿ ಬಂದಂಗಾಗಿ
ನಳದ ಹನಿ ಸುದ್ದಾ ಕೇಳತೈತಿ.
ಕಂಡಿಕಿ ಸುತ್ತಿದ ಬೊಟ್ಟು ಮಡಚಾಕ ಬರೂದಿಲ್ಲ.
ಆವಾಗ ಹತ್ತೂ ಬೊಟ್ಟು ವಾಟಗಾಕ್ಕ ಹಚ್ಚಿ
ಒಲಿ ಮುಂದ ಕುಂಡ್ರತಿದ್ವಿ, ಆಕಿ, ನಾನು,
ಮೀಸಿ ಬಂದ್ರ ಬರಲಿ ಅಂತ.

ಆಕಿದು ಸಕ್ಕರಿ. ಒಂದು ಚಿಟಿಕಿ ಉಪ್ಪು. ಸಣ್ಣ ಉರಿ.
ನಂದು ಬೆಲ್ಲ.
ನಾ ಮಹಾಲಿಂಗಪುರದಾಕಿ,
ನನಗ ಸಕ್ಕರಿ ಅಂದ್ರ ಬರೇ ಸೀ, ರುಚಿ ಅಲ್ಲ.
ಕುದಿಯೂ ಹಾಲಿಗೆ ಬೆಲ್ಲ ಹಾಕಬ್ಯಾಡ, ಒಡೀತೈತಿ, ಅಂತಿದ್ಲು.
ನಾ ಹಾಕಿದೆ.
ಒಡೀತು.

ಮನಿ ಒಡದದ್ದು ಅದಕ್ಕಲ್ಲ ಮತ್ತ.
ಎರಡು ಮಗ್ಗ, ಮೂರು ಪಾಲು, ಒಂದು ಕರೆಂಟ್ ಬಿಲ್ಲು,
ಗಂಡಸರ ಮಾತು.
ಆದ್ರೂ ಯಾರರ ಕೇಳಿದ್ರ
ನನಗ ಮೊದಲ ನೆನಪಾಗೂದು
ಆ ಪಾತೇಲ್ಯಾಗಿನ ಕಂದು ನೀರು, ಅದರಾಗ ತೇಲೂ ಗಡ್ಡಿ.

ಒಂದಿಟ್ಟಂಗಿ ಗೋಡಿ.
ಗಿಲಾವ ಆಕಿ ಕಡೆ ಮಾಡ್ಯಾರ, ನಮ್ಮ ಕಡೆ ಇಲ್ಲ.
ನಾಕು ವರ್ಷ. ಮಾತಿಲ್ಲ, ಕತಿಯಿಲ್ಲ.
ಸತ್ತವರ ಮನಿಗೆ ಹೋದ್ರೂ ಬ್ಯಾರೆ ಬ್ಯಾರೆ ಚಾಪಿ.
ಆಕಿ ಮಗ ಕಾಡೇಶ ಒಬ್ಬನ ಎರಡೂ ಬಾಗಲಾ ದಾಟಾಂವ,
ಅಂವನೂ ಜಾಣ, ಅಲ್ಲಿದು ಇಲ್ಲಿ ಆಡೂದಿಲ್ಲ.
ಆದ್ರ ವಾಸನಿಗೆ ಯಾವ ಪಾಲುಪತ್ರ?
ಮಾಡಿನ ಕೆಳಗ ಒಂದು ಗೇಣು ಸಂದಿ ಬಿಟ್ಟಾರ,
ಅಲ್ಲಿಂದ ಬರತೈತಿ.
ಇವತ್ತ ಹಾಲಿಗೆ ನೀರು ಜಾಸ್ತಿ.
ಇವತ್ತ ಡಬ್ಬಿ ತಳಾ ಕೆರದಾಳ.
ಇವತ್ತ ಆಕಿಗೆ ನೆಗಡಿ, ಶುಂಠಿ ಬಿದ್ದೈತಿ.

ನಾನೂ ಈಗ ಕಲತೇನಿ.
ಡಬ್ಬಿ ಅಲ್ಲ, ಖಡೇಬಜಾರದ ಬಿಡಿ ಪುಡಿ.
ಉರಿ ಆರಿಸಿ, ನೂರು ಎಣಿಸಿ, ಆಮ್ಯಾಲೆ ಬೆಲ್ಲ.
ಒಡಿಯೂದಿಲ್ಲ.
ತೋರಸೂಣು ಅಂದ್ರ ಯಾರಿಗೆ?
ನಮ್ಮನಿಯವರಿಗೆ ಚಹಾನ ಆಗಬೇಕು.

ನಿನ್ನಿ ರಾತ್ರಿ ಮಂಜು ಓಣ್ಯಾಗ ಇಳದು
ಬೀದಿ ದೀಪಾ ಹಂಜಿಯೊಳಗ ಸುತ್ತಿ ಇಟ್ಟಂಗಿತ್ತು.
ನಾ ಪುಡಿ ತಿಕ್ಕತಿದ್ದೆ.
ಸಂದಿಯಿಂದ ವಾಸನಿ ಬಂತು. ಕೈ ನಿಂತು.
ಬೆಲ್ಲ.
ಬೆಲ್ಲ ಕರಗೂ ವಾಸನಿ, ಶೇವಂತಕ್ಕನ ಒಲಿ ಮ್ಯಾಲೆ.
ಅದರ ಬೆನ್ನಿಗೆ ಸುಸ್ಸ್ ಅನ್ನೂ ಸಪ್ಪಳ, ಸೀದ ನಾತ,
ನನ್ನ ಬಾಯಿ ನನ್ನ ಕೇಳಲಿಲ್ಲ:
"ಅಕ್ಕಾ, ಹಾಲು ಉಕ್ಕಾಕತ್ತೈತಿ!
ಉರಿ ಆರಸು, ಬೆಲ್ಲ ಆಮ್ಯಾಲೆ!"

ಗೋಡಿ ಸುಮ್ಮನಿತ್ತು.
ಪಾತೇಲಿ ಕೆಳಗಿಟ್ಟ ಸಪ್ಪಳ.
ಚಮಚ, ಒಂದು ಸಲ, ಎರಡು ಸಲ.
ಆಮ್ಯಾಲೆ ಆಕಿ ದನಿ, ಮೊದಲಿಗಿಂತ ಸ್ವಲ್ಪ ದಪ್ಪಾಗೈತಿ:
"ಎಷ್ಟೊತ್ತು ಬಿಟ್ಟು ಹಾಕಲಿ?"

ನೂರು ಎಣಸು, ಅಂದೆ.
ನಾನೂ ಎಣಿಸಿದೆ, ಗೋಡಿಗೆ ಬೆನ್ನ ಹಚ್ಚಿ.
ಗಿಲಾವಿಲ್ಲದ ಇಟ್ಟಂಗಿ ಚುಚ್ಚತಿದ್ದವು.
ಅರವತ್ತೊಂದಕ್ಕೋ ಅರವತ್ತೆರಡಕ್ಕೋ ತಪ್ಪಿತು ನನಗ.
ಆಚೆ ಆಕಿ ಜೋರಾಗಿ ಎಣಸತಿದ್ಲು.