ನೀರು ಕಚ್ಚಿತು

ನೀರು ಕಚ್ಚಿತು ಅಂದಳು ದೇಚು,
ಬುಧವಾರ ಸಂಜೆ, ಮೀನಿನ ತೊಟ್ಟಿಯಲ್ಲಿ
ಪಾಚಿ ಹಿಡಿದ ಕಲ್ಲು ತಿರುಗಿಸುತ್ತಿದ್ದವಳು,
ಉಗುರ ಪಕ್ಕ ಸಿಗುರೆದ್ದ ಬೆರಳನ್ನು ಬಾಯಿಗಿಟ್ಟುಕೊಂಡು.

ನಾನೂ ಕೈ ಹಾಕಿದೆ, ಮೊಣಕೈವರೆಗೆ.
ಹೊರಗೆ ಅಮ್ಮತ್ತಿಯ ಜನವರಿ, ಒಳಗೆ ಇಪ್ಪತ್ತಾರು ಡಿಗ್ರಿ.
ಏಂಜೆಲ್ ಮೀನೆರಡು ಬಂದು ಕೈರೋಮ ಮೂಸಿ ಹೋದವು.
ಎಲ್ಲಿ? ಏನೂ ಇಲ್ಲ. ಹೋಗಿ ಮಗ್ಗಿ ಬರಿ.

ಹದಿನಾಲ್ಕು ವರ್ಷದಿಂದ ಮೀಟರು ಓದುವವನು ನಾನು.
ಪಾಲಿಬೆಟ್ಟದಿಂದ ಸಿದ್ದಾಪುರದವರೆಗೆ
ಯಾವ ಗೇಟಿನ ಹಿಂದೆ ಯಾವ ನಾಯಿ,
ಯಾರ ಪಲ್ಪರ್ ಯಾವ ವಾರ ಎಷ್ಟು ಯೂನಿಟ್ಟು ನುಂಗುತ್ತದೆ
ಬಾಯಿಪಾಠ.
ಒಂಬತ್ತು ವರ್ಷದವಳು ನನಗೆ ಕರೆಂಟು ಹೇಳಿಕೊಡುವುದೇ?

ಗುರುವಾರ ಮತ್ತೆ ಕಚ್ಚಿತಂತೆ.
ಶುಕ್ರವಾರ ಅವಳು ಹತ್ತಿರ ಹೋಗಲಿಲ್ಲ.
ಕಾಳಿನ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತು ಕೇಳಿದಳು:
ಮೀನಿಗೂ ಕಚ್ಚುತ್ತಾ ಪಪ್ಪ? ಅವು ಹೇಳಲ್ಲ, ಅಷ್ಟೇ ಅಲ್ವಾ?

ಮೀಟರು ತಂದೆ. ಒಂದು ಕಡ್ಡಿ ನೀರಿಗೆ,
ಇನ್ನೊಂದು ಪ್ಲಗ್ಗಿನ ಮೇಲಿನ ದಪ್ಪ ತೂತಿಗೆ.
ಎರಡು ವೋಲ್ಟು. ನೋಡು, ಅಂದೆ,
ಗೆದ್ದವನ ದನಿಯಲ್ಲಿ. ಅವಳು ನೋಡಲಿಲ್ಲ.

ಮೋಟಾರಿಗೆ ತಂತಿ ಸುತ್ತುವ ಮೊಯ್ದು ಶನಿವಾರ
ಬಾಕಿ ದುಡ್ಡು ಕೇಳಲು ಬಂದವನು
ತೊಟ್ಟಿ ನೋಡಲಿಲ್ಲ, ಮೊದಲು ನನ್ನ ಕಾಲು ನೋಡಿದ.
ಮನೆಯೊಳಗೂ ರಬ್ಬರ್ ಚಪ್ಪಲಿಯಾ?
ಕೆಲಸದ ಅಭ್ಯಾಸ, ಅಂದೆ.
ಮಗು?
ಮಗು ಬರಿಗಾಲು. ಸಿಮೆಂಟು ನೆಲ. ಈಗಷ್ಟೇ ಒರೆಸಿದ್ದು.

ಅವನು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಹಾರೆಯೊಂದನ್ನು ಗುಲಾಬಿ ಪಾತಿಯ ಹಸಿಮಣ್ಣಿಗೆ ಇಳಿಸಿ
ಅಲ್ಲಿಂದ ಕಿಟಕಿಯೊಳಗೆ ತಂತಿ ಎಳೆದು ಮತ್ತೆ ಅಳೆದ.
ತೊಂಬತ್ತೊಂದು.
ಗೋಡೆಯ ಅರ್ತೇ ಸತ್ತಿದೆ, ಅಂದ.
ಅಂದರೆ ನನ್ನ ಮೀಟರೂ ಅವತ್ತು
ಚಪ್ಪಲಿ ಹಾಕಿಕೊಂಡೇ ನಿಂತಿತ್ತು.

ಆಮೇಲೆ ಒಂದೊಂದೇ ಪ್ಲಗ್ಗು ಕಿತ್ತೆವು,
ದೇಚು ಅಂಕಿ ಕೂಗಿದಳು.
ಲೈಟು: ಎಂಬತ್ತನಾಲ್ಕು.
ಗುಳ್ಳೆ ಬಿಡುವ ಪಂಪು: ಎಂಬತ್ತನಾಲ್ಕೇ, ಪಾಪ ನಿರಪರಾಧಿ.
ಹೀಟರು:
ಆರು.
ಎತ್ತಿ ಬೆಳಕಿಗೆ ಹಿಡಿದರೆ ಗಾಜಿನ ಕೊಳವೆಯಲ್ಲಿ
ಕೂದಲೆಳೆಯಷ್ಟು ಬಿರುಕು, ತಳದಲ್ಲಿ ಒಂದು ಚಮಚ ಹಸಿರು ನೀರು.

ಮೀನಿಗೆ? ಕೇಳಿದಳು ಮತ್ತೆ.
ಮೊಯ್ದು ಮೊಣಕಾಲೂರಿ ಕೂತು ಅವಳಿಗೇ ಹೇಳಿದ:
ಹೋಗಲು ದಾರಿ ಇಲ್ಲದ ಕರೆಂಟು ಸುಮ್ಮನೆ ಕಾಯುತ್ತೆ ಮೋಳೇ.
ತಂತಿಯ ಮೇಲೆ ಕಾಗೆ ಕೂರಲ್ವಾ, ಹಾಗೆ ಇವು ಇದ್ದವು.
ನೀನು ಕೈ ಹಾಕಿದೆ, ಕಾಲು ನೆಲದಲ್ಲಿತ್ತು,
ದಾರಿ ನೀನೇ ಆದೆ.

ಅರ್ತಿನ ಗುಂಡಿ ಹುಡುಕಲು ಮಧ್ಯಾಹ್ನವಾಯಿತು.
ಮನೆಯೊಡೆಯ ಬೆಳ್ಯಪ್ಪ ನವೆಂಬರಿನಲ್ಲಿ
ಕಾಫಿ ಕಣ ಅಗಲ ಮಾಡಿಸಿ ಸಿಮೆಂಟು ಬಳಿಸಿದ್ದರು,
ಪೈಪು ಅದರಡಿ, ತಂತಿ ಗುದ್ದಲಿಗೆ ಸಿಕ್ಕು ಎಂದೋ ತುಂಡು.
ಅದರ ಮೇಲೆ ಚೆರಿ ಒಣಗುತ್ತಿತ್ತು, ಹುಳಿ ವಾಸನೆ.
ಬೇಲಿಯ ಪಕ್ಕ ಬೇರೆ ಗುಂಡಿ ತೋಡಿದೆವು:
ತಾಮ್ರದ ಸರಳು, ಇದ್ದಿಲು, ಹತ್ತು ಕಿಲೋ ಕಲ್ಲುಪ್ಪು.
ದೇಚು ಬಿಂದಿಗೆ ನೀರು ಹೊಯ್ದು ಕೇಳಿದಳು, ಏನು ಬೆಳೆಯುತ್ತೆ?
ಏನೂ ಇಲ್ಲ, ಅಂದ ಮೊಯ್ದು. ಆದರೂ ಬೇಸಿಗೆಯಲ್ಲಿ ಹೊಯ್ಯಬೇಕು.
ಸೋರಿದರೆ ತಾನೇ ಬಿದ್ದುಹೋಗುವ ಸ್ವಿಚ್ಚೊಂದನ್ನು
ಮೇನಿಗೆ ಕೂರಿಸಿ, ಹಳೆ ಬಾಕಿಗೆ ಹೊಸ ಬಾಕಿ ಸೇರಿಸಿ ಹೋದ.

ಹೊಸ ಹೀಟರು ಮೈಸೂರಿನಿಂದ ಬರಲು ಮೂರು ದಿನ.
ರಾತ್ರಿ ತೊಟ್ಟಿಗೆ ನನ್ನ ಕಂಬಳಿ ಸುತ್ತಿದೆವು.
ಮುಚ್ಚಳದ ಮೇಲೆ ಅವಳ ಮಂಕಿ ಟೋಪಿ.

ಮಲಗುವ ಮುಂಚೆ ಪ್ಲಗ್ಗೆಲ್ಲ ಹಾಕಿ, ಅಳೆದು, ಸೊನ್ನೆ ಕಂಡು,
ಚಪ್ಪಲಿ ಬಿಟ್ಟು ನಿಂತೆ.
ನೆಲ ಇಷ್ಟು ತಣ್ಣಗಿರುತ್ತದೆ ಅಂತ ಗೊತ್ತೇ ಇರಲಿಲ್ಲ.
ಬೆರಳ ತುದಿ ನೀರಿಗಿಟ್ಟೆ.
ಕಚ್ಚಿತಾ? ಅಂದಳು.
ಇಲ್ಲ, ಅಂದೆ.
ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು,
ನಂಬಲೋ ಬೇಡವೋ ಎಂಬಂತೆ.